ಘಾಟಿನಾಚೆಯ ರುಚಿ: ಕಡಕ್ ಹವಾನಾ ಸಿಗಾರನ್ನು ಸವಿಯುವ ಬಗೆ

ಕಡಕ್ ಎಂಬ ಮಾತನ್ನೇ ಮೊದಲು ಬಿಡಿಸಿಕೊಳ್ಳೋಣ. ಎದುರಿಗೆ ಎರಡು ಲೋಟ ಕಾಫಿ ಇದೆ ಎಂದುಕೊಳ್ಳಿ. ಒಂದರಲ್ಲಿ ಬರೀ ಕಾಫಿಬೀಜದ ಡಿಕಾಕ್ಷನ್. ಇನ್ನೊಂದರಲ್ಲಿ ಅರ್ಧಕ್ಕರ್ಧ ಚಿಕೋರಿ. ಎರಡನೆಯದು ಕಡುಕಪ್ಪು, ಮಂದ; ಲೋಟದ ಅಂಚಿಗೆ ಬಣ್ಣ ಹಿಡಿಯುತ್ತದೆ. ಕುಡಿದವರು ‘ಎಷ್ಟು ಸ್ಟ್ರಾಂಗು’ ಎನ್ನುತ್ತಾರೆ. ಆದರೆ ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ರಾತ್ರಿ ನಿದ್ದೆ ಕೆಡಿಸುವುದು ಮೊದಲ ಲೋಟ. ಸಿಗಾರಿನ ವಿಷಯದಲ್ಲೂ ಇದೇ ಗೊಂದಲ ಆಗುತ್ತದೆ. ಮೇಲೆಲೆ ಕಪ್ಪಗಿದ್ದರೆ ಸಿಗಾರ್ ಕಡಕ್ ಎಂದು ಜನ ತಿಳಿಯುತ್ತಾರೆ. ಹಾಗೇನಿಲ್ಲ. ಕಪ್ಪು ಎಲೆ ಎಷ್ಟೋ ಸಲ ಹೆಚ್ಚು ಸಿಹಿ, ಅಷ್ಟೇ.

ಹಾಗಾಗಿ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಿ. ಒಂದು, ಕಸುವು: ನಿಕೋಟಿನ್ ಎಷ್ಟಿದೆ ಎಂಬುದು. ಅದು ನಾಲಿಗೆಗೆ ತಿಳಿಯುವುದಿಲ್ಲ, ಗಂಟಲು, ಹೊಟ್ಟೆ, ತಲೆಗೆ ತಿಳಿಯುತ್ತದೆ. ಎರಡು, ಮಂದ: ಹೊಗೆ ಬಾಯಲ್ಲಿ ತಿಳಿಸಾರಿನ ಹಾಗಿದೆಯೋ ಗಟ್ಟಿ ಹುಳಿಯ ಹಾಗಿದೆಯೋ ಎಂಬುದು. ಮೂರು, ರುಚಿ ಮತ್ತು ಪರಿಮಳ. ಈ ಮೂರೂ ಒಟ್ಟಿಗೆ ಏರಬೇಕೆಂದಿಲ್ಲ. ಕಸುವು ಕಡಿಮೆ ಇದ್ದು ರುಚಿ ತುಂಬಿರುವ ಸಿಗಾರುಗಳಿವೆ. ಕಸುವು ಬಿಟ್ಟರೆ ಬೇರೇನೂ ಇಲ್ಲದ ಸಿಗಾರುಗಳೂ ಇವೆ. ಒಳ್ಳೆಯ ಕಡಕ್ ಹವಾನಾದ, ಅಂದರೆ ಕ್ಯೂಬಾದ ಕಡಕ್ ಸಿಗಾರಿನ, ಹೆಚ್ಚುಗಾರಿಕೆ ಏನೆಂದರೆ ಅದರಲ್ಲಿ ಮೂರೂ ತುಂಬಿರುತ್ತವೆ. ಕಷ್ಟವೂ ಅಲ್ಲೇ ಇದೆ. ಕಸುವು ಮುಂದೆ ಬಂದು ನಿಂತರೆ ಹಿಂದಿನ ರುಚಿ ಕಾಣುವುದಿಲ್ಲ. ಇವತ್ತು ನಾನು ಹೇಳಲಿರುವ ಎಲ್ಲ ವಿವರಗಳೂ, ಕತ್ತರಿಸುವುದು, ಹೊತ್ತಿಸುವುದು, ಎಳೆಯುವ ವೇಗ, ಈ ಒಂದು ತೊಡಕನ್ನು ಬಿಡಿಸುವುದಕ್ಕಾಗಿಯೇ ಇವೆ.

ಉದಾಹರಣೆಗೆ ಒಂದೇ ಸಿಗಾರನ್ನು ಹಿಡಿದುಕೊಳ್ಳೋಣ: ಪಾರ್ತಗಾಸ್ ಸೆರಿಯೆ ಡಿ ನಂಬರ್ 4. ಪಾರ್ತಗಾಸ್ 1845ರಲ್ಲಿ ಹವಾನಾದಲ್ಲಿ ಶುರುವಾದ ಮನೆತನ. ಕ್ಯೂಬಾದ ಬ್ರಾಂಡುಗಳಲ್ಲಿ ಇದು, ಬೊಲಿವಾರ್, ರಮೋನ್ ಅಯೋನೆಸ್ ಕಡಕ್ ಸಾಲಿನವು. ಓಯೋ ದೆ ಮೊಂತೆರ್ರೇ, ಎಚ್. ಉಪ್ಮನ್ ಮೃದು ಸಾಲಿನವು. ನಂಬರ್ 4ರ ಅಳತೆ ರೊಬುಸ್ತೋ: ಉದ್ದ 124 ಮಿಲಿಮೀಟರ್, ದಪ್ಪ 50 ರಿಂಗ್. ರಿಂಗ್ ಎಂದರೆ ಒಂದು ಅಂಗುಲದ 64ನೇ ಒಂದು ಪಾಲು. 50 ರಿಂಗ್ ಎಂದರೆ ಹತ್ತಿರ ಹತ್ತಿರ 20 ಮಿಲಿಮೀಟರ್ ಅಡ್ಡಳತೆ. ಕೆಂಪು ಕಾಗದದ ಪಟ್ಟಿ ಇರುವ ಗಿಡ್ಡ, ದಪ್ಪ ಸಿಗಾರ್. ತೂಕ ಸುಮಾರು 12 ಗ್ರಾಂ. ಒಂದು ಸಿಗರೇಟಿನಲ್ಲಿ ಒಂದು ಗ್ರಾಮಿಗಿಂತ ಕಡಿಮೆ ಹೊಗೆಸೊಪ್ಪು ಇರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಈ ತೂಕದ ಅರ್ಥ ತಿಳಿಯುತ್ತದೆ.

ಕಸುವು ಎಲ್ಲಿಂದ ಬರುತ್ತದೆ? ಗಿಡದ ತುದಿಯಿಂದ. ಕ್ಯೂಬಾದ ಪಶ್ಚಿಮ ತುದಿಯಲ್ಲಿ ಪಿನಾರ್ ದೆಲ್ ರಿಯೋ ಪ್ರಾಂತ್ಯ, ಅದರೊಳಗೆ ವುಯೆಲ್ತಾ ಅಬಾಹೋ ಎಂಬ ಸೀಮೆ, ಅದರಲ್ಲೂ ಸಾನ್ ಲೂಯಿಸ್ ಮತ್ತು ಸಾನ್ ಹುವಾನ್ ಇ ಮಾರ್ತಿನೇಸ್ ಎಂಬ ಎರಡು ಊರುಗಳ ಸುತ್ತಲಿನ ಕೆಂಪು ಮರಳುಮಣ್ಣಿನ ಹೊಲಗಳು. ಸಿಗಾರಿನ ಎಲೆಗೆ ಇದಕ್ಕಿಂತ ಹೆಸರಾದ ನೆಲವಿಲ್ಲ. ಗಿಡ ಬೆಳೆದು ಮೊಗ್ಗು ಬಿಡುವಾಗ ರೈತ ಕುಡಿ ಚಿವುಟುತ್ತಾನೆ. ಹುಣಸೂರು, ಪಿರಿಯಾಪಟ್ಟಣದ ಕಡೆಯವರು ಇಲ್ಲಿದ್ದರೆ ಅವರಿಗೆ ಇದನ್ನು ವಿವರಿಸಬೇಕಿಲ್ಲ, ಅಲ್ಲೂ ಇದೇ ಕೆಲಸ ನಡೆಯುತ್ತದೆ. ಹೂವಿಗೆ ಹೋಗಬೇಕಿದ್ದ ಸತ್ವ ಎಲೆಗೆ ತಿರುಗುತ್ತದೆ, ಎಲೆ ದಪ್ಪವಾಗುತ್ತದೆ, ನಿಕೋಟಿನ್ ಏರುತ್ತದೆ. ಬಿಸಿಲು ಹೆಚ್ಚು ಬೀಳುವ ಮೇಲಿನ ಎಲೆಗಳಲ್ಲಿ ಇದು ಎಲ್ಲಕ್ಕಿಂತ ಹೆಚ್ಚು.

ಸಿಗಾರಿನ ಹೊಟ್ಟೆಗೆ ಹೋಗುವ ಎಲೆಯನ್ನು ಗಿಡದ ಮೇಲಿನ ಜಾಗ ನೋಡಿ ಮೂರು ಬಗೆ ಮಾಡುತ್ತಾರೆ. ಬುಡದ್ದು ವೊಲಾಡೋ. ಅದರ ಕೆಲಸ ಸಲೀಸಾಗಿ ಉರಿಯುವುದು. ನಡುವಿನದು ಸೆಕೋ, ಪರಿಮಳ ಅದರದ್ದು. ತುದಿಯದು ಲಿಗೇರೋ: ದಪ್ಪ, ಜಿಡ್ಡು, ನಿಧಾನ ಉರಿ, ಪೂರಾ ಕಸುವು. ಸ್ಪ್ಯಾನಿಷ್‌ನಲ್ಲಿ ಲಿಗೇರೋ ಎಂದರೆ ಹಗುರ ಎಂದರ್ಥ. ಎಲ್ಲಕ್ಕಿಂತ ಭಾರದ ಎಲೆಗೆ ಆ ಹೆಸರು, ಗೊಂದಲ ಮಾಡಿಕೊಳ್ಳಬೇಡಿ. ವೊಲಾಡೋ ಒಂಬತ್ತು ತಿಂಗಳಲ್ಲಿ ಸುತ್ತಲು ಹದವಾದರೆ ಲಿಗೇರೋಗೆ ಕನಿಷ್ಠ ಎರಡು ವರ್ಷ ಬೇಕು. ಕಡಕ್ ಸಿಗಾರಿನಲ್ಲಿ ಲಿಗೇರೋ ಪಾಲು ಹೆಚ್ಚು. ಅದನ್ನು ಮಡಿಸಿ ಸರಿಯಾಗಿ ನಟ್ಟನಡುವೆ ಕೂರಿಸಬೇಕು. ಹೊರಮೈಗೆ ಬಂದರೆ ಆ ಬದಿ ಉರಿಯದೆ ಹಿಂದೆ ಬೀಳುತ್ತದೆ. ತೆಳು ಸಿಗಾರುಗಳಲ್ಲಿ ಲಿಗೇರೋ ಕಡಿಮೆ ಇರುವುದಕ್ಕೂ ಇದೇ ಕಾರಣ: ನಡುವೆ ಜಾಗವೇ ಇರುವುದಿಲ್ಲ.

ಹೊಟ್ಟೆಯ ಎಲೆಗಳನ್ನು ಹಿಡಿದಿಡುವ ಎಲೆ ಕಪೋತೆ. ಎಲ್ಲಕ್ಕೂ ಮೇಲೆ ಕಾಣುವ ರೇಷ್ಮೆಯಂಥ ಎಲೆ ಕಾಪಾ. ಕಾಪಾದ ಗಿಡಗಳನ್ನು ತೆಳುಬಟ್ಟೆಯ ಚಪ್ಪರದಡಿ ಬೆಳೆಸುತ್ತಾರೆ, ಅದಕ್ಕೇ ಅದು ಅಷ್ಟು ತೆಳು. ಸುತ್ತುವವರನ್ನು ತೋರ್ಸೆದೋರ್ ಎನ್ನುತ್ತಾರೆ, ಹೆಂಗಸಾದರೆ ತೋರ್ಸೆದೋರಾ. ಅವರ ಮುಖ್ಯ ಸಲಕರಣೆ ಹಿಡಿಯಿಲ್ಲದ, ಅರ್ಧಚಂದ್ರದಂಥ ಅಲಗು, ಚಾವೇತಾ. ಜೊತೆಗೆ ಒಂದು ಮರದ ಹಲಗೆ, ತುದಿ ಅಂಟಿಸಲು ರುಚಿಯಿಲ್ಲದ ಸಸ್ಯದ ಗೋಂದು. ಇಲ್ಲಿ ಒಂದು ಮಾತು ಬಿಟ್ಟು ಹೋಗಲಾರೆ. ಈ ಕಾರ್ಖಾನೆಗಳಲ್ಲಿ ಸುತ್ತುವವರ ಎದುರಿಗೆ ಎತ್ತರದ ಪೀಠದಲ್ಲಿ ಕೂತು ಒಬ್ಬರು ಗಟ್ಟಿಯಾಗಿ ಓದುತ್ತಾರೆ: ಬೆಳಿಗ್ಗೆ ಪತ್ರಿಕೆ, ಆಮೇಲೆ ಕಾದಂಬರಿ. 1865ರಲ್ಲಿ ಹವಾನಾದ ಎಲ್ ಫಿಗಾರೋ ಕಾರ್ಖಾನೆಯಲ್ಲಿ ಶುರುವಾದ ಪದ್ಧತಿ ಇದು, ಇವತ್ತಿಗೂ ನಡೆಯುತ್ತಿದೆ. ಮೊದಮೊದಲು ಓದುವವರಿಗೆ ಕೂಲಿ ಕೊಟ್ಟವರು ಕೇಳುವ ಕೆಲಸಗಾರರೇ. ಗಮಕ ಕೇಳುತ್ತ ಬೆಳೆದ ನಾಡಿನವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ.

ಈಗ ಹದ ಮಾಡುವ ವಿಚಾರ. ಸವಿಯುವ ಬಗೆಗೆ ನೇರ ಸಂಬಂಧ ಇರುವುದು ಇದಕ್ಕೇ. ಮೈಸೂರು ಸೀಮೆಯಲ್ಲಿ ಬೆಳೆಯುವುದು ಸಿಗರೇಟಿನ ವರ್ಜೀನಿಯಾ ತಂಬಾಕು. ಎಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ನಿನಲ್ಲಿ ಬೆಂಕಿಯ ಬಿಸಿ ಕೊಟ್ಟು, ವಾರದೊಳಗೆ ಬೇಯಿಸಿ ಒಣಗಿಸುತ್ತಾರೆ. ಎಲೆಯೊಳಗಿನ ಸಕ್ಕರೆ ಆ ಬಿಸಿಗೆ ಅಲ್ಲೇ ನಿಂತುಬಿಡುತ್ತದೆ, ಬಣ್ಣ ಚಿನ್ನದಂತಾಗುತ್ತದೆ. ಅದರ ಹೊಗೆ ಸ್ವಲ್ಪ ಆಮ್ಲೀಯ. ಸಿಗಾರಿನ ಎಲೆಗೆ ಬೆಂಕಿ ತೋರಿಸುವುದಿಲ್ಲ. ಗಾಳಿಯಾಡುವ ಎತ್ತರದ ಮರದ ಮನೆಯಲ್ಲಿ, ಕಾಸಾ ದೆ ತಬಾಕೋ ಎನ್ನುತ್ತಾರೆ, ಸುಮಾರು 50 ದಿನ ತೂಗುಹಾಕಿ ನೆರಳಲ್ಲೇ ಒಣಗಿಸುತ್ತಾರೆ. ಎಲೆ ನಿಧಾನವಾಗಿ ಸಾಯುತ್ತ ತನ್ನ ಸಕ್ಕರೆಯನ್ನು ತಾನೇ ತಿಂದು ಮುಗಿಸುತ್ತದೆ. ಆಮೇಲೆ ರಾಶಿ ಹಾಕಿ ಹುದುಗಲು ಬಿಡುತ್ತಾರೆ. ರಾಶಿಯ ಒಳಗೆ ತಾನಾಗಿ ಬಿಸಿಯೇಳುತ್ತದೆ, ಅಮೋನಿಯಾ ಹೊರಗೆ ಹೋಗುತ್ತದೆ, ಕಹಿ ಇಳಿಯುತ್ತದೆ. ಹೀಗೆ ಹದವಾದ ಎಲೆಯ ಹೊಗೆ ಕ್ಷಾರೀಯ.

ಆಮ್ಲೀಯವೋ ಕ್ಷಾರೀಯವೋ ಎಂಬುದು ಇಲ್ಲಿ ಏಕೆ ಮುಖ್ಯ? ಕ್ಷಾರೀಯ ಹೊಗೆಯಲ್ಲಿರುವ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಆಮ್ಲೀಯ ಹೊಗೆಯಲ್ಲಿರುವುದು ಹಾಗೆ ಸುಲಭವಾಗಿ ಸೇರುವುದಿಲ್ಲ, ಅದಕ್ಕೇ ಸಿಗರೇಟನ್ನು ಎದೆಗೆ ಎಳೆಯುತ್ತಾರೆ. ಸಿಗಾರನ್ನು ಎದೆಗೆ ಎಳೆಯುವಂತಿಲ್ಲ. ಬಾಯಲ್ಲಿಟ್ಟು ಬಿಡುವುದು, ಅಷ್ಟೇ. ಸಿಗರೇಟಿನ ಅಭ್ಯಾಸವಿದ್ದವರು ಕಡಕ್ ಸಿಗಾರನ್ನು ಅದೇ ರೀತಿ ಎಳೆದರೆ ನಾಲ್ಕೈದು ಎಳೆತಕ್ಕೆ ತಲೆ ಸುತ್ತಿ, ತಣ್ಣನೆ ಬೆವರು ಬಂದು, ವಾಂತಿಯಾಗುವ ಹಾಗಾಗುತ್ತದೆ. ಎದೆಗೆಳೆಯದಿದ್ದರೆ ಅಪಾಯವಿಲ್ಲ ಎಂದುಕೊಳ್ಳುವುದೂ ತಪ್ಪು. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಸಿಗಾರ್ ಕಾರಣವಾಗುತ್ತದೆ, ನಿಕೋಟಿನ್ ಚಟ ಹಿಡಿಸುತ್ತದೆ. ಹೊಗೆಯ ಅಭ್ಯಾಸವೇ ಇಲ್ಲದವರು ಇದಕ್ಕಾಗಿ ಹೊಸದಾಗಿ ಶುರು ಮಾಡಬೇಕಿಲ್ಲ. ಸೇದುವವರು ಮಕ್ಕಳಿರುವ ಮನೆಯೊಳಗೆ ಸೇದಬೇಡಿ. ಇದನ್ನು ಶಾಸ್ತ್ರಕ್ಕೆಂದು ಹೇಳುತ್ತಿಲ್ಲ. ಬಾಯಿಯೇ ಇದರ ಬಾಗಿಲು ಎಂಬುದು ಗೊತ್ತಿದ್ದವರಿಗೆ ನಿಧಾನ ಏಕೆ ಬೇಕು ಎಂಬುದೂ ತಿಳಿಯುತ್ತದೆ.

ಸಿಗಾರ್ ಕೈಗೆ ಬಂದ ಮೇಲೆ ಅದನ್ನು ಇಡುವ ಬಗೆ. ಬೇಕಾದದ್ದು 65 ಶೇಕಡಾ ಆಸುಪಾಸಿನ ತೇವಾಂಶ, 16ರಿಂದ 20 ಡಿಗ್ರಿ ಉಷ್ಣತೆ. ಅಂಗಡಿಗಳು 70 ಎನ್ನುತ್ತವೆ. ಕ್ಯೂಬಾದ ಕಡಕ್ ಸಿಗಾರಿಗೆ ಅದು ಜಾಸ್ತಿ ಎಂಬುದು ನನ್ನ ತೀರ್ಮಾನ, ಏಕೆಂದರೆ ದಪ್ಪ ಲಿಗೇರೋ ಎಲೆ ನೀರು ಹಿಡಿದಿಟ್ಟುಕೊಂಡು ನಡುವೆ ಉರಿಯದೆ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಮಾರ್ಚ್ ತಿಂಗಳ ಒಣಗಾಳಿಗೆ ತೆರೆದಿಟ್ಟ ಸಿಗಾರಿನ ಮೇಲೆಲೆ ಕೆಲವೇ ದಿನಗಳಲ್ಲಿ ಬಿರಿಯುತ್ತದೆ. ಮಂಗಳೂರಿನಲ್ಲಿ ಆಷಾಢದ ಮಳೆಗೆ ಅದೇ ಸಿಗಾರ್ ಹಪ್ಪಳದ ಹಾಗೆ ಮೆತ್ತಗಾಗಿ ಬೂಸು ಹಿಡಿಯುತ್ತದೆ. ಎರಡೂ ಕಡೆ ಗಾಳಿಯಾಡದ ಡಬ್ಬಿ, ಒಳಗೆ 65ರ ತೇವ ಕಾಯುವ ಪೊಟ್ಟಣ, ತೇವ ಅಳೆಯುವ ಒಂದು ಹೈಗ್ರೋಮೀಟರ್ ಸಾಕು. ಹೈಗ್ರೋಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಒಂದು ಚಮಚ ಉಪ್ಪು ಹಾಕಿ, ಕರಗದಂತೆ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ಹನಿ ನೀರು ಬಿಡಿ. ಮಾಪಕದ ಜೊತೆ ಜಿಪ್ ಚೀಲದಲ್ಲಿಟ್ಟು 12 ಗಂಟೆ ಬಿಡಿ. ಅದು 75 ತೋರಿಸಬೇಕು. 71 ತೋರಿಸಿದರೆ ಮುಂದೆ ಯಾವಾಗಲೂ ನಾಲ್ಕು ಸೇರಿಸಿ ಓದಿಕೊಳ್ಳಿ.

ಸಿಗಾರಿನ ಪೆಟ್ಟಿಗೆಗಳನ್ನು ಮಾಡುವ ಮರಕ್ಕೆ ಸ್ಪ್ಯಾನಿಷ್ ಸೀಡರ್ ಎಂದು ಹೆಸರು, ಆದರೆ ಅದು ದೇವದಾರುವಿನ ಜಾತಿಯಲ್ಲ, ಬೇವು ಮತ್ತು ಮಹಾಗನಿಯ ಕುಟುಂಬದ್ದು. ನಮ್ಮ ಪಶ್ಚಿಮಘಟ್ಟದ ನೋಗೆ ಅಥವಾ ಗಂಧಗರಿಗೆ ಮರ ಅದರ ಹತ್ತಿರದ ಸಂಬಂಧಿ. ಸಿಗಾರಿನಲ್ಲಿ ಸೀಡರ್ ರುಚಿ ಇದೆ ಎಂದು ಯಾರಾದರೂ ಹೇಳಿದರೆ ನೋಗೆಯ ಹಲಗೆ ಕೊಯ್ಯುವಾಗ ಬರುವ ವಾಸನೆ ನೆನಪು ಮಾಡಿಕೊಳ್ಳಿ, ಹತ್ತಿರ ಹೋಗುತ್ತೀರಿ.

ಇನ್ನೊಂದು ಶತ್ರು ತಂಬಾಕಿನ ಜೀರುಂಡೆ. ಉಷ್ಣತೆ 24 ಡಿಗ್ರಿ ದಾಟಿದರೆ ಎಲೆಯೊಳಗಿನ ಮೊಟ್ಟೆ ಒಡೆದು ಹುಳ ಹೊರಬರಬಹುದು. ಸಿಗಾರಿನ ಮೈಮೇಲೆ ಸೂಜಿಯಿಂದ ಚುಚ್ಚಿದಂಥ ದುಂಡು ತೂತುಗಳು ಕಾಣುತ್ತವೆ. ಕ್ಯೂಬಾದಿಂದ ಹೊರಡುವ ಮುನ್ನ ಈಗ ಎಲ್ಲವನ್ನೂ ಶೈತ್ಯದಲ್ಲಿಟ್ಟೇ ಕಳಿಸುತ್ತಾರೆ. ಆದರೂ ಬಿಸಿಲೂರಿನಲ್ಲಿ ಇಡುವವರಿಗೆ ಅನುಮಾನ ಬಂದರೆ ಎರಡು ಪದರ ಚೀಲದಲ್ಲಿ ಕಟ್ಟಿ ಒಂದು ದಿನ ಫ್ರಿಜ್ಜಿನ ಕೆಳಭಾಗದಲ್ಲಿ, ಮೂರು ದಿನ ಫ್ರೀಜರಿನಲ್ಲಿ, ಮತ್ತೆ ಒಂದು ದಿನ ಕೆಳಗೆ ಇಡಿ. ನೇರವಾಗಿ ಒಳಗಿಟ್ಟು ನೇರವಾಗಿ ಹೊರತೆಗೆದರೆ ಮೇಲೆಲೆ ಒಡೆಯುತ್ತದೆ.

ಕೊಳ್ಳುವಾಗ ಪೆಟ್ಟಿಗೆಯ ತಳ ನೋಡಿ. ಅಲ್ಲಿ ‘ತೊತಾಲ್ಮೆಂತೆ ಆ ಮಾನೊ’, ಅಂದರೆ ಪೂರ್ತಿ ಕೈಯಲ್ಲೇ ಮಾಡಿದ್ದು ಎಂಬ ಸುಟ್ಟ ಮುದ್ರೆ ಇರುತ್ತದೆ. ಪಕ್ಕದಲ್ಲಿ ಶಾಯಿಯ ಮೊಹರು: ಕಾರ್ಖಾನೆಯ ಗುಪ್ತಾಕ್ಷರಗಳು, ಕೆಳಗೆ ಸ್ಪ್ಯಾನಿಷ್ ತಿಂಗಳ ಮೂರಕ್ಷರ ಮತ್ತು ವರ್ಷ. ಎನೆ ಎಂದರೆ ಜನವರಿ, ಅಗೊ ಎಂದರೆ ಆಗಸ್ಟ್. ಈ ದಿನಾಂಕ ಕಡಕ್ ಸಿಗಾರಿನಲ್ಲಿ ಬಹಳ ಮುಖ್ಯ. ಹೊಸದಾಗಿ ಪೆಟ್ಟಿಗೆ ಸೇರಿದ ಸಿಗಾರ್ ಕೆಲವು ತಿಂಗಳು ಮತ್ತೆ ಹುದುಗುತ್ತ ಅಮೋನಿಯಾ ಬಿಡುತ್ತದೆ, ಆಗ ಅದು ಮೂಗಿಗೆ ಹೊಡೆಯುವ ಹಾಗಿರುತ್ತದೆ. ವರ್ಷ ಕಳೆದದ್ದನ್ನೇ ಆರಿಸಿ. ಮೂರರಿಂದ ಐದು ವರ್ಷ ಕಾದರೆ ಇನ್ನೂ ಒಳ್ಳೆಯದು, ಕಸುವಿನ ಮೊನಚು ಸವೆದು ಪರಿಮಳ ಮುಂದೆ ಬರುತ್ತದೆ. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಕೊಹಿಬಾ ಎಂಬ ಕ್ಯೂಬಾ ಬ್ರಾಂಡಿನ ಸಿಗಾರ್ ಕಂಡರೆ ಕೈ ಹಾಕಬೇಡಿ, ಅದು ನಕಲಿ.

ಸರಿ, ಸಿಗಾರ್ ಕೈಯಲ್ಲಿದೆ. ಹೊಟ್ಟೆ ತುಂಬಿರಬೇಕು, ಇದು ಮೊದಲ ನಿಯಮ. ಊಟ ಮುಗಿದು ಮುಕ್ಕಾಲು ಗಂಟೆಯಾದ ಮೇಲೆ ಕೂರಿ. ಊಟದ ಮೇಲೆ ಎಲೆಯಡಿಕೆ, ಲವಂಗ, ಸೋಂಪು ಬಾಯಿಗೆ ಹಾಕಿಕೊಂಡಿದ್ದರೆ ಆ ದಿನ ಸವಿಯುವುದನ್ನು ಬಿಡಿ, ನಾಲಿಗೆ ಖಾಲಿ ಇರುವುದಿಲ್ಲ. ಪಕ್ಕದಲ್ಲಿ ತಣ್ಣಗಿಲ್ಲದ ನೀರು, ಒಂದು ತುಂಡು ಬೆಲ್ಲ ಇರಲಿ. ತಲೆ ತೇಲಿದಂತಾದರೆ ತಕ್ಷಣ ಸಿಗಾರ್ ಕೆಳಗಿಟ್ಟು ಬೆಲ್ಲ ಬಾಯಿಗೆ ಹಾಕಿ, ನೀರು ಕುಡಿದು, ಗಾಳಿಗೆ ಕೂರಿ. ಮುಂದುವರಿಸುವ ಹಟ ಬೇಡ.

ಹೊತ್ತಿಸುವ ಮೊದಲೇ ಅರ್ಧ ವಿಷಯ ತಿಳಿಯುತ್ತದೆ. ಹೆಬ್ಬೆರಳು, ತೋರುಬೆರಳಿನ ನಡುವೆ ಬುಡದಿಂದ, ಅಂದರೆ ಹೊತ್ತಿಸುವ ತುದಿಯಿಂದ, ತಲೆಯವರೆಗೆ, ಅಂದರೆ ಬಾಯಿಗಿಡುವ ತುದಿಯವರೆಗೆ, ಮೆಲ್ಲಗೆ ಒತ್ತುತ್ತ ಹೋಗಿ. ಎಲ್ಲ ಕಡೆ ಒಂದೇ ತರಹ ಸ್ವಲ್ಪ ಕುಗ್ಗಿ ಮತ್ತೆ ಏಳಬೇಕು. ಒಂದು ಕಡೆ ಗಂಟಿನಂತೆ ಗಟ್ಟಿಯಿದ್ದರೆ ಅಲ್ಲಿ ಗಾಳಿ ಕಟ್ಟಿಕೊಳ್ಳುತ್ತದೆ. ಟೊಳ್ಳಿದ್ದರೆ ಅಲ್ಲಿ ಉರಿ ಓಡುತ್ತದೆ. ಚರಚರ ಎಂದರೆ ಒಣಗಿದೆ. ಮೇಲೆಲೆಗೆ ಎಣ್ಣೆ ಹಚ್ಚಿದಂಥ ಮಂದ ಹೊಳಪಿರಬೇಕು. ಆಮೇಲೆ ಬುಡ ಮೂಸಿ ನೋಡಿ. ಒಳ್ಳೆಯ ಪಾರ್ತಗಾಸ್‌ನ ಬುಡದಲ್ಲಿ ಒಣಹುಲ್ಲಿನ ಬಣವೆ, ಕೊಟ್ಟಿಗೆ, ಕೋಕೋ ವಾಸನೆ ಇರುತ್ತದೆ. ಕೊಟ್ಟಿಗೆ ಎಂದರೆ ಮೂಗು ಮುರಿಯಬೇಡಿ, ಅದು ಚೆನ್ನಾಗಿ ಹುದುಗಿದ ಎಲೆಯ ಗುರುತು. ಆದರೆ ಗೋಮೂತ್ರದಂತೆ ಕಣ್ಣಿಗೆ ಚುರುಗುಟ್ಟಿದರೆ ಅಮೋನಿಯಾ ಇನ್ನೂ ಹೋಗಿಲ್ಲ, ಆರು ತಿಂಗಳು ಬಿಟ್ಟು ಬನ್ನಿ.

ಕತ್ತರಿಸುವುದು ತಲೆಯ ಕಡೆ, ಎರಡು ಮಿಲಿಮೀಟರಿಗಿಂತ ಹೆಚ್ಚಲ್ಲ. ಹವಾನಾದ ತಲೆಗೆ ಮೂರು ಸುತ್ತಿನ ಟೊಪ್ಪಿ ಇರುತ್ತದೆ, ಬೆಳಕಿಗೆ ಹಿಡಿದರೆ ಗೆರೆಗಳು ಕಾಣುತ್ತವೆ. ಭುಜದ, ಅಂದರೆ ತಲೆಯ ದುಂಡು ಮುಗಿಯುವ ಜಾಗದ, ಕೆಳಗಿನ ಗೆರೆ ದಾಟಿದರೆ ಮೇಲೆಲೆ ಬಿಚ್ಚಿಕೊಳ್ಳುತ್ತದೆ. ಎರಡು ಅಲಗಿನ ಕತ್ತರಿ, ಹರಿತವಾಗಿರಬೇಕು, ಒಂದೇ ಏಟಿಗೆ. ಮೆಲ್ಲಗೆ ಒತ್ತುತ್ತ ಹೋದರೆ ಎಲೆ ಹರಿಯುತ್ತದೆ. ತೂತು ಕೊರೆಯುವ ಪಂಚ್ 50 ರಿಂಗಿಗೆ ಆಗುತ್ತದೆ, ಆದರೆ ಕಡಕ್ ಸಿಗಾರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಸಣ್ಣ ತೂತಿನ ಬಾಯಲ್ಲಿ ಟಾರ್ ಸೇರಿಕೊಂಡು, ಕೊನೆಯ ಪಾಲಿನಲ್ಲಿ ತುಟಿಗೆ ಕಹಿ ಹತ್ತುತ್ತದೆ.

ಈಗ ಹೊತ್ತಿಸದೆ ಒಮ್ಮೆ ಎಳೆಯಿರಿ. ಸ್ಟ್ರಾದಲ್ಲಿ ಎಳನೀರು ಕುಡಿಯುವಾಗ ಎಷ್ಟು ತಡೆ ಸಿಗುತ್ತದೋ ಅಷ್ಟು ತಡೆ ಇದ್ದರೆ ಸರಿ. ಎಳನೀರಿನ ಗಂಜಿ ಎಳೆದ ಹಾಗೆ ಕಷ್ಟವಾದರೆ ಬಿಗಿ ಸುತ್ತು. ಎರಡು ಅಂಗೈ ನಡುವೆ ಗಟ್ಟಿಯಿರುವ ಕಡೆ ಮೆಲ್ಲಗೆ ಉರುಳಿಸಿ ನೋಡಿ. ಸಡಿಲವಾಗದಿದ್ದರೆ ಉದ್ದ ಸೂಜಿಯಂಥ ಸಲಕರಣೆ ಬರುತ್ತದೆ, ನೇರವಾಗಿ ನಡುವೆ ಇಳಿಸಬೇಕು. ಬಿಗಿ ಸಿಗಾರನ್ನು ಹಾಗೇ ಸೇದಿದರೆ ಏನಾಗುತ್ತದೆ ಎಂದರೆ, ಹೊಗೆ ಸಾಲದೆ ಮತ್ತೆ ಮತ್ತೆ ಜೋರಾಗಿ ಎಳೆಯುತ್ತೀರಿ, ಬೆಂಕಿ ಕಾಯುತ್ತದೆ, ಎಲೆ ಸುಟ್ಟ ಕಹಿ ಬರುತ್ತದೆ. ಆ ಕಹಿಗೆ ‘ಕಡಕ್’ ಎಂದು ಹೆಸರಿಡುವವರು ಬಹಳ. ಅದು ಕಸುವಲ್ಲ, ಸೀದದ್ದು.

ಹೊತ್ತಿಸಲು ಬ್ಯುಟೇನ್ ಲೈಟರ್, ಉದ್ದನೆಯ ಮರದ ಕಡ್ಡಿ, ಅಥವಾ ಪೆಟ್ಟಿಗೆಯೊಳಗೆ ಬರುವ ತೆಳು ಸೀಡರ್ ಹಾಳೆಯ ಪಟ್ಟಿ. ಪೆಟ್ರೋಲ್ ಲೈಟರ್ ಬೇಡ, ಮೇಣದಬತ್ತಿ ಬೇಡ, ಅವುಗಳ ವಾಸನೆ ಕೊನೆಯವರೆಗೂ ಬರುತ್ತದೆ. ಬೆಂಕಿಕಡ್ಡಿಯಾದರೆ ಗಂಧಕ ಉರಿದು ಮುಗಿಯುವವರೆಗೆ ಕಾಯಿರಿ. ಸಿಗಾರನ್ನು ಬಾಯಿಗಿಡದೆ, ಓರೆಯಾಗಿ ಹಿಡಿದು, ಜ್ವಾಲೆ ತಾಗದಷ್ಟು ದೂರದಲ್ಲಿ ಬುಡವನ್ನು ತಿರುಗಿಸುತ್ತ ಕಾಯಿಸಿ. ಕೆಂಡದ ಮೇಲೆ ಹಪ್ಪಳ ಸುಡುವ ಕೈಚಳಕವೇ ಇಲ್ಲೂ ಬೇಕು. ಅಂಚೆಲ್ಲ ಕಪ್ಪಾಗಿ, ನಡುವೆ ಕೆಂಪು ಹತ್ತಿದ ಮೇಲೆ ಬಾಯಿಗಿಟ್ಟು, ತಿರುಗಿಸುತ್ತ ಎರಡು ಮೂರು ಎಳೆತ. ಆಮೇಲೆ ಬುಡದ ಮೇಲೆ ಮೆಲ್ಲಗೆ ಊದಿ ನೋಡಿ. ಎಲ್ಲೆಡೆ ಒಂದೇ ಕೆಂಪು ಕಾಣಬೇಕು, ಕಪ್ಪು ಉಳಿದ ಕಡೆಗೆ ಇನ್ನೊಮ್ಮೆ ಶಾಖ ಕೊಡಿ. ಇಲ್ಲಿ ಅವಸರ ಮಾಡಿದ ತಪ್ಪು ಇಡೀ ಗಂಟೆ ಕಾಡುತ್ತದೆ.

ಇನ್ನು ವೇಗ. ನಿಮಿಷಕ್ಕೆ ಒಂದು ಎಳೆತ. ಇದಕ್ಕಿಂತ ಬೇಗ ಆದರೆ ಕಾವು ಏರಿ ಕಹಿಯಾಗುತ್ತದೆ, ನಿಕೋಟಿನ್ ಒಮ್ಮೆಗೇ ಏರುತ್ತದೆ. ಎರಡು ನಿಮಿಷ ಮೀರಿದರೆ ಲಿಗೇರೋ ಆರಿಹೋಗುತ್ತದೆ. ಈ ಲೆಕ್ಕದಲ್ಲಿ ನಂಬರ್ 4 ಮುಗಿಯಲು 45ರಿಂದ 60 ನಿಮಿಷ ಬೇಕು. ಅರ್ಧ ಗಂಟೆಯೊಳಗೆ ಮುಗಿಸಿದವರು ಅದರ ರುಚಿ ನೋಡಿಲ್ಲ. ಹೊಗೆಯನ್ನು ಬಾಯಿ ತುಂಬ ತೆಗೆದುಕೊಳ್ಳಬೇಡಿ, ಅರ್ಧ ಬಾಯಿ ಸಾಕು. ಎರಡು ಮೂರು ಸೆಕೆಂಡ್ ನಿಲ್ಲಿಸಿ, ಬಿಡಿ.

ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಸಾರದ ರುಚಿ, ಐದೇ. ಖಾರ ರುಚಿಯಲ್ಲ, ಅದು ನರಕ್ಕೆ ತಾಗುವ ಉರಿ. ಕಾಫಿ, ತೊಗಲು, ಮಳೆ ಬಿದ್ದ ಮಣ್ಣು, ಇವೆಲ್ಲ ತಿಳಿಯುವುದು ಮೂಗಿನ ಹಿಂಬದಿಯಿಂದ. ಹಾಗಾಗಿ ಸ್ವಲ್ಪ ಹೊಗೆಯನ್ನು ಮೂಗಿನಿಂದ ಬಿಡಲು ಕಲಿಯಬೇಕು. ಬಾಯಲ್ಲಿರುವ ಹೊಗೆಯ ಮುಕ್ಕಾಲು ಪಾಲು ಹೊರಗೆ ಬಿಡಿ. ತುಟಿ ಮುಚ್ಚಿ. ಉಸಿರು ಒಳಗೆ ಎಳೆಯದೆ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಉಳಿದ ಕಾಲು ಪಾಲನ್ನು ಮೂಗಿಗೆ ತಳ್ಳಿ, ಮೆಲ್ಲಗೆ ಉಸಿರು ಬಿಡಿ. ಮೃದು ಸಿಗಾರಿನಲ್ಲಿ ಪ್ರತಿ ಸಲ ಮಾಡಬಹುದು. ಕಡಕ್‌ನಲ್ಲಿ ನಾಲ್ಕು ಎಳೆತಕ್ಕೊಮ್ಮೆ ಸಾಕು. ಪೂರಾ ಹೊಗೆಯನ್ನು ತಳ್ಳಿದರೆ ಒಗ್ಗರಣೆಗೆ ಒಣಮೆಣಸಿನಕಾಯಿ ಸೀದಾಗ ಆಗುವಂಥ ಘಾಟು ಹೊಡೆದು ಮುಂದಿನ ಹತ್ತು ನಿಮಿಷ ಮೂಗು ಏನನ್ನೂ ಹೇಳುವುದಿಲ್ಲ.

ಸಿಗಾರನ್ನು ಮೂರು ಪಾಲು ಮಾಡಿಕೊಂಡು ಗಮನಿಸುವುದು ರೂಢಿ. ಫ್ರೆಂಚರಲ್ಲಿ ಒಂದು ಪ್ರಾಸದ ಮಾತಿದೆ, ಫ್ವಾಂ, ದಿವಾಂ, ಪ್ಯುರಾಂ: ಮೊದಲು ಹುಲ್ಲು, ಆಮೇಲೆ ದೈವ, ಕೊನೆಗೆ ಗೊಬ್ಬರದ ನೀರು. ಕಡಕ್ ಪಾರ್ತಗಾಸ್ ವಿಷಯದಲ್ಲಿ ಮೊದಲ ಮಾತು ಸರಿಹೋಗುವುದಿಲ್ಲ. ಹುಲ್ಲಿನಷ್ಟು ಸಪ್ಪೆ ಅದು ಎಂದೂ ಅಲ್ಲ. ಮೊದಲ ಐದು ನಿಮಿಷ ಕಾಳುಮೆಣಸು ಮುಂದಿರುತ್ತದೆ, ತುಟಿಯ ಅಂಚು ಚುರುಗುಟ್ಟುತ್ತದೆ. ಆ ಐದು ನಿಮಿಷದಲ್ಲಿ ತೀರ್ಪು ಕೊಡಬೇಡಿ. ಮೆಣಸು ಇಳಿದ ಮೇಲೆ ಒದ್ದೆ ಮಣ್ಣು, ಹುರಿದ ಕಾಫಿಬೀಜ ಬರುತ್ತವೆ. ಎರಡನೇ ಪಾಲಿನಲ್ಲಿ ಬೆಂಕಿ ಲಿಗೇರೋದ ಗಟ್ಟಿ ಭಾಗಕ್ಕೆ ಬಂದಿರುತ್ತದೆ, ಹೊಗೆ ಮಂದವಾಗುತ್ತದೆ. ತೊಗಲು, ಸಿಹಿಯಿಲ್ಲದ ಕೋಕೋ, ಕೆಲವೊಮ್ಮೆ ಕೊತ್ತಂಬರಿ ಬೀಜ ಹುರಿದ ಪರಿಮಳ, ಅಡಿಯಲ್ಲಿ ಪಾಕಕ್ಕೆ ಬಂದ ಬೆಲ್ಲದ ಎಳೆ. ಇವು ನಾನು ಸೂಚಿಸುವ ಹೆಸರುಗಳು ಮಾತ್ರ. ಪರದೇಶದ ಬರಹಗಳಲ್ಲಿರುವ ಬ್ಲ್ಯಾಕ್‌ಬೆರಿ, ಚೆಸ್ಟ್‌ನಟ್ ಹುಡುಕುತ್ತ ಕೂರಬೇಡಿ. ನಿಮ್ಮ ಮೂಗಿನ ನೆನಪಿನಲ್ಲಿರುವುದು ನಿಮ್ಮ ಅಡುಗೆಮನೆ, ಅಂಗಳ, ಕೊಟ್ಟಿಗೆ. ಹೆಸರು ಅಲ್ಲಿಂದಲೇ ಬರಲಿ.

ಒಬ್ಬರು ಚೀಟಿಯಲ್ಲಿ ಕೇಳಿದ್ದಾರೆ: ಬೂದಿ ಉದುರದೆ ಉದ್ದಕ್ಕೆ ನಿಂತರೆ ಒಳ್ಳೆಯ ಸಿಗಾರ್ ಎಂದರ್ಥವೇ? ಸ್ವಲ್ಪ ಮಟ್ಟಿಗೆ ಹೌದು. ಒಳಗೆ ಚೂರುಗಳಿಲ್ಲ, ಉದ್ದ ಎಲೆಗಳೇ ಇವೆ, ಸುತ್ತು ಸಮವಾಗಿದೆ ಎಂದು ಅದು ಹೇಳುತ್ತದೆ. ರುಚಿಯ ಬಗ್ಗೆ ಏನೂ ಹೇಳುವುದಿಲ್ಲ. ಎರಡು ಮೂರು ಸೆಂಟಿಮೀಟರ್ ಬೂದಿ ಇದ್ದರೆ ಒಳ್ಳೆಯದು, ಬೆಂಕಿಗೆ ಮುಸುಕು ಹಾಕಿದಂತೆ ಕಾವು ಹದವಾಗಿರುತ್ತದೆ. ಆಮೇಲೆ ಬೂದಿಬಟ್ಟಲಿನ ಅಂಚಿಗೆ ಮೆಲ್ಲಗೆ ಒತ್ತಿ ತಿರುಗಿಸಿ, ತಾನೇ ಕಳಚಿಕೊಳ್ಳುತ್ತದೆ. ಸಿಗರೇಟಿನಂತೆ ಕೊಡವಿದರೆ ಕೆಂಡವೇ ಕಳಚುತ್ತದೆ.

ಕೆಡುವ ಬಗೆಗಳು ಕೆಲವೇ. ಒಂದು ಬದಿ ಬೇಗ ಉರಿದು ಇನ್ನೊಂದು ಬದಿ ನಾಲಿಗೆಯಂತೆ ಉಳಿದರೆ, ಹೊತ್ತಿಸಿದ್ದು ಓರೆ, ಅಥವಾ ಗಾಳಿ ಒಂದೇ ಕಡೆಯಿಂದ ಬೀಸುತ್ತಿದೆ, ಅಥವಾ ಲಿಗೇರೋ ನಡುವಿನಿಂದ ಸರಿದಿದೆ. ಹಿಂದುಳಿದ ಬದಿಯನ್ನು ಕೆಳಗೆ ಮಾಡಿ ಹಿಡಿಯಿರಿ. ಗಾಳಿ ಕೆಳಗಿನಿಂದ ಸಿಗುವುದರಿಂದ ಕೆಳಬದಿ ಬೇಗ ಉರಿಯುತ್ತದೆ. ಸರಿಹೋಗದಿದ್ದರೆ ಆ ನಾಲಿಗೆಗೆ ಮಾತ್ರ ಜ್ವಾಲೆ ತೋರಿಸಿ. ನಡುವೆ ಸುರಂಗದಂತೆ ಉರಿದು ಅಂಚು ಉಳಿದರೆ ಮೇಲೆಲೆಗೆ ತೇವ ಹೆಚ್ಚಾಗಿದೆ, ಅಥವಾ ನೀವು ತೀರಾ ನಿಧಾನ. ಬೂದಿ ತೆಗೆದು ಅಂಚನ್ನು ಮತ್ತೆ ಕಾಯಿಸಿ. ಉರಿಯುವಾಗಲೇ ಮೇಲೆಲೆ ಸೀಳಿದರೆ ಒಳಗಿನ ಎಲೆ ಒದ್ದೆಯಿದ್ದು ಬಿಸಿಗೆ ಉಬ್ಬಿದೆ. ಸೀಳು ಪುಟ್ಟದಿದ್ದರೆ ಬೆರಳಿನಿಂದ ಒತ್ತಿಹಿಡಿದು ಮುಂದುವರಿಯಿರಿ.

ಕೊನೆಯ ಪಾಲು ಕಡಕ್ ಸಿಗಾರಿನ ನಿಜವಾದ ಪರೀಕ್ಷೆ. ಈವರೆಗೆ ಎಳೆದ ಹೊಗೆಯೆಲ್ಲ ಈ ಎಲೆಗಳ ಮೂಲಕವೇ ಹಾದು ಬಂದಿದೆ, ಅದರ ಟಾರ್, ನಿಕೋಟಿನ್ ಇಲ್ಲಿ ತಂಗಿದೆ. ಬೆಂಕಿಯೂ ತುಟಿಗೆ ಹತ್ತಿರ. ಆದ್ದರಿಂದ ಇಲ್ಲಿ ನಿಮಿಷಕ್ಕೊಂದು ಎಂಬುದನ್ನು ಒಂದೂವರೆ ನಿಮಿಷಕ್ಕೆ ಇಳಿಸಿ. ನಾಲ್ಕೈದು ಎಳೆತಕ್ಕೊಮ್ಮೆ ಸಿಗಾರಿನ ಮೂಲಕ ಹೊರಕ್ಕೆ ಮೆಲ್ಲಗೆ ಊದಿ, ಕಟ್ಟಿಕೊಂಡ ಕೆಟ್ಟ ಗಾಳಿ ಹೋಗುತ್ತದೆ. ಆರಿದರೆ ಬೂದಿ ತೆಗೆದು, ಹೀಗೆ ಊದಿ, ಮತ್ತೆ ಕಾಯಿಸಿ ಹೊತ್ತಿಸಿ. ಇದು ಒಂದು ಗಂಟೆಯೊಳಗಾದರೆ ಪರವಾಗಿಲ್ಲ. ನಾಳೆಗೆಂದು ಎತ್ತಿಟ್ಟದ್ದು ಹಳಸಿದ ಬೂದಿಯ ರುಚಿ ಕೊಡುತ್ತದೆ. ಪಟ್ಟಿಯನ್ನು ತೆಗೆಯುವುದಿದ್ದರೆ ಈ ಹೊತ್ತಿಗೆ ತೆಗೆಯಿರಿ. ಬಿಸಿಗೆ ಗೋಂದು ಮೆತ್ತಗಾಗಿರುತ್ತದೆ, ಮೊದಲೇ ಕಿತ್ತರೆ ಎಲೆ ಹರಿಯುತ್ತದೆ.

ಜೊತೆಗೆ ಏನು ಕುಡಿಯಬೇಕು? ನೀರು ಸಾಕು. ಸಕ್ಕರೆ ಹಾಕಿದ ಹಾಲಿಲ್ಲದ ಕಾಫಿ ಬಹಳ ಚೆನ್ನಾಗಿ ಹೊಂದುತ್ತದೆ, ಕ್ಯೂಬಾದವರು ಕುಡಿಯುವುದೂ ಅದನ್ನೇ. ವರ್ಷಗಟ್ಟಲೆ ಇಟ್ಟ ರಮ್ ಹೊಂದುತ್ತದೆ. ಆದರೆ ಒಂದು ಸಿಗಾರನ್ನು ಮೊದಲ ಸಲ ಅರಿಯುವಾಗ ನೀರು ಬಿಟ್ಟು ಬೇರೇನೂ ಬೇಡ.

ನಾಲ್ಕು ಸೆಂಟಿಮೀಟರ್ ಉಳಿದಾಗ ಹೆಚ್ಚಿನವರಿಗೆ ರುಚಿ ಮುಗಿದಿರುತ್ತದೆ. ಬೆರಳು ಸುಡುವವರೆಗೆ ಎಳೆಯುವುದರಲ್ಲಿ ಗಳಿಕೆಯಿಲ್ಲ. ಹೊಗೆ ಬಿಸಿಯಾಗಿ, ಕಹಿ ಮಾತ್ರ ಉಳಿದಾಗ ಬೂದಿಬಟ್ಟಲಿನ ಅಂಚಿಗೆ ಒರಗಿಸಿಬಿಡಿ. ಹೊಸಕಬೇಡಿ. ಹೊಸಕಿದರೆ ಒಳಗಿನ ಟಾರ್ ಒಡೆದು ಕೋಣೆಯೆಲ್ಲ ನಾರುತ್ತದೆ. ಸುಮ್ಮನೆ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ತಾನಾಗಿ ಆರುತ್ತದೆ. ಆರಿದ ತುಂಡನ್ನು ಅದೇ ರಾತ್ರಿ ಹೊರಗೆ ಹಾಕಿ, ಕಿಟಕಿ ತೆರೆಯಿರಿ. ಬಾಯಿ ತೊಳೆಯುವ ಮೊದಲು ಹತ್ತು ನಿಮಿಷ ಸುಮ್ಮನೆ ಕೂತು ಬಾಯಲ್ಲಿ ಏನು ಉಳಿದಿದೆ ನೋಡಿ: ಕೋಕೋ, ತೊಗಲು, ಮೆಣಸಿನ ಚುರುಕು. ಪೆಟ್ಟಿಗೆಯ ತಿಂಗಳು, ವರ್ಷದ ಪಕ್ಕದಲ್ಲಿ ಅದನ್ನು ಎರಡು ಸಾಲು ಬರೆದಿಟ್ಟುಕೊಳ್ಳಿ, ಅದೇ ಪೆಟ್ಟಿಗೆಯ ಇನ್ನೊಂದನ್ನು ಮುಂದಿನ ವರ್ಷ ತೆಗೆದಾಗ ಹೋಲಿಸಲು ಬೇಕಾಗುತ್ತದೆ.